ಪಾಮನಕಲ್ಲೂರಿನಲ್ಲಿ ಇಲ್ಲದ ಗಿರಾಕಿ

"ನಿಮ್ಮ ಡೈರಿ ಕೊಡ್ರಿ ಸ್ವಲ್ಪ."

ಸುರೇಖಾ ತಲೆ ಎತ್ತಿದಳು. ಲ್ಯಾಪ್‌ಟಾಪ್ ಚೀಲ ಹೊತ್ತ ಯುವಕನೊಬ್ಬ ಕೈ ಚಾಚಿ ನಿಂತಿದ್ದ. ಅವಳು ಡೈರಿಯನ್ನು ಎದೆಗೆ ಒತ್ತಿಕೊಂಡಳು.

"ಯಾಕ ಕೊಡಬೇಕು?"

"ಕೊಡವ್ವ," ಎಂದರು ಮಾಲೀಕ ಕರಿಬಸಪ್ಪ. "ಲಿಂಗಸುಗೂರಿನ ಹುಲಿಗೇಶ ಇವರು. ಸಾಫ್ಟ್‌ವೇರ್ ಹಾಕಾಕ ಬಂದಾರ. ನಮ್ಮಂಥ ಸಣ್ಣವರಿಗೂ ಎಟಕೋ ರೇಟು. ಏನ್ರೀ ಹುಲಿಗೇಶ, ಇದು ಬಂದ ಮ್ಯಾಲ ಈ ಕುರ್ಚ್ಯಾಗ ಮನುಷ್ಯರು ಬೇಕಾ?"

ಹುಲಿಗೇಶ ಅವಳತ್ತ ಒಮ್ಮೆ ನೋಡಿದ.

"ಒಂದು ತಿಂಗಳು ನೋಡಿ ಹೇಳ್ತೀನ್ರಿ ಸರ್."

ಸುರೇಖಾ ಡೈರಿಯನ್ನು ಮೇಜಿನ ಮೇಲಿಟ್ಟು ಅವನತ್ತ ಸರಿಸಿದಳು.

ಸಿಂಧನೂರಿನ ಆ ಆಫೀಸಿನಲ್ಲಿ ಮೂರು ಭತ್ತ ಕಟಾವು ಮಷಿನ್‌ಗಳಿದ್ದವು. ಯಾವ ಮಷಿನ್ ಯಾವತ್ತು ಯಾರ ಗದ್ದೆಗೆ ಹೋಗಬೇಕೆಂದು ನಾಲ್ಕು ವರ್ಷದಿಂದ ಗೊತ್ತು ಮಾಡುತ್ತಿದ್ದವಳು ಅವಳೇ. ಮಸ್ಕಿಯ ಮನೆಯಲ್ಲಿ ಅವ್ವ ಮತ್ತು ಓದುವ ತಂಗಿ ಅವಳ ದುಡಿಮೆಯನ್ನೇ ನೆಚ್ಚಿದ್ದರು. ಈಗ ಇವನು ಒಂದು ತಿಂಗಳು ನೋಡಿ ಹೇಳುತ್ತಾನಂತೆ!

ಅವನು ತಾಳ್ಮೆಯಿಂದ ಕಲಿಸಿದ. ಅವಳು ತಪ್ಪಿದರೂ ನಗಲಿಲ್ಲ. ಅದೇ ಅವಳ ಅನುಮಾನವನ್ನು ಹೆಚ್ಚಿಸಿತು. 'ಇಷ್ಟು ನಯವಾಗಿ ಮಾತಾಡುವವರೇ ಬುಡಕ್ಕೆ ಕೊಡಲಿ ಹಾಕುವುದು...'

ಮೊದಲ ಶುಕ್ರವಾರವೇ ತೊಡಕು ಬಂತು. ಡ್ರೈವರ್‌ಗಳಾದ ಶಾವಲಿ ಮತ್ತು ಸೊಹೇಲ್ ಮಧ್ಯಾಹ್ನ ನಮಾಜಿಗೆ ಹೋಗುತ್ತಿದ್ದರು. ಡೈರಿಯಲ್ಲಿ ಆ ಹೊತ್ತನ್ನು ಖಾಲಿ ಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಸಾಫ್ಟ್‌ವೇರ್ 'ಮಷಿನ್ ಸುಮ್ಮನೆ ನಿಂತಿದೆ' ಎಂದು ಮಾಲೀಕರ ಫೋನಿನಲ್ಲಿ ಕೆಂಪು ತೋರಿಸಿತು. ಶಾವಲಿ ಬೈಗುಳ ತಿಂದ.

ಬಿಡುವಿನ ಹೊತ್ತನ್ನು ಗುರುತಿಸುವ ಕಾಲಂ ದೊಡ್ಡ ಪ್ಲಾನಿನಲ್ಲಿ ಮಾತ್ರ ಇತ್ತು. ಇವರದು ಅಗ್ಗದ ಪ್ಲಾನು.

ಮರುವಾರ ಸುರೇಖಾ ಒಬ್ಬ ಗಿರಾಕಿಯನ್ನು ಹುಟ್ಟಿಸಿದಳು. ಹೆಸರು ಶುಕ್ರಪ್ಪ. ಸಾಫ್ಟ್‌ವೇರ್ ಊರು ಕೇಳಿದಾಗ ಗಡಿಬಿಡಿಯಲ್ಲಿ ಅಜ್ಜಿಯ ಊರು ಪಾಮನಕಲ್ಲೂರು ಎಂದು ಒತ್ತಿದಳು. ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಶಾವಲಿ, ಸೊಹೇಲ್ ಇಬ್ಬರ ಮಷಿನ್ ಶುಕ್ರಪ್ಪನಿಗೆ! ಫೋನು ಕೆಂಪಾಗಲಿಲ್ಲ.

ಆದರೆ ಅವಳು ತುಂಬಿದ ಪ್ರತಿ ಬುಕಿಂಗಿನ ಕೆಳಗೂ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಾಣುತ್ತಿತ್ತು. 'ನೋಡಿದವರು: ಹುಲಿಗೇಶ.'

'ದಿನಾ ಯಾಕೆ ನೋಡುತ್ತಾನೆ? ನನ್ನ ತಪ್ಪು ಕೂಡಿಸಿಡುತ್ತಿದ್ದಾನಾ?'

ನಾಲ್ಕನೇ ವಾರ ಶಾವಲಿ ಓಡಿಬಂದ. "ಅಕ್ಕಾ, ಆ ಸಾಫ್ಟ್‌ವೇರಿನವ ಪಾಮನಕಲ್ಲೂರಾಗ ಶುಕ್ರಪ್ಪನ್ನ ಹುಡುಕಾಕತ್ತಾನಂತ. ಚಹಾದಂಗಡ್ಯಾಗ ಕೇಳಿದ್ದಕ್ಕ, 'ಮಳಿ ನಂಬಿದ ಊರಾಗ ಭತ್ತದ ಶುಕ್ರಪ್ಪ ಎಲ್ಲಿಂದ ಬರಬೇಕೋ ತಮ್ಮಾ' ಅಂತ ನಕ್ಕರಂತ."

ಸುರೇಖಾ ಬುಕಿಂಗ್ ಪುಟ ಮುಚ್ಚಿದಳು. ಕೆಲಸ ಹೋಯಿತು. ಕಳ್ಳಿ ಎಂಬ ಹೆಸರೂ ಬಂತು...

ತಿಂಗಳು ತುಂಬಿದ ದಿನ ಮಾಲೀಕರು ಬರುವ ಮೊದಲೇ ಹುಲಿಗೇಶ ಬಂದ. ಕಣ್ಣು ಕೆಂಪಾಗಿತ್ತು.

"ಶುಕ್ರಪ್ಪ ಯಾರ್ರೀ?"

"ಊರೆಲ್ಲಾ ತಿರುಗಿ ಬಂದೀರಲ್ಲ, ಸಾಹುಕಾರ್ರಿಗೆ ಹೇಳಿ ಮುಗಸ್ರಿ."

"ಹೇಳೋದಿದ್ರ ಆವತ್ತಾ ಹೇಳ್ತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಅವನು ನೆಲ ನೋಡಿದ. "ನೀವು ಸುಳ್ಳು ಹೆಸರಿನ್ಯಾಗ ಮಷಿನ್ ಕದ್ದು ಓಡಸಾಕತ್ತೀರಿ ಅಂತ ಅನುಮಾನ ಬಂತು. ಅದು ಸುಳ್ಳಾಗ್ಲಿ, ಆ ಮನುಷ್ಯ ಎಲ್ಲ್ಯಾರ ಇರ್ಲಿ ಅಂತ ಬೇಡಿಕೊಂತ ಹೋಗಿದ್ದೆ."

ಸುರೇಖಾ ಶುಕ್ರವಾರದ ಪುಟ ತೆರೆದು ತೋರಿಸಿದಳು. ನಮಾಜಿನ ಮಾತು ಹೇಳಿದಳು. ಅವನು ಕುರ್ಚಿಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ ಅವಳಿಗೆ ತಿಳಿಯಲಿಲ್ಲ.

"ದಿನಾ ನಾ ಬರ್ದಿದ್ದು ನೋಡತಿದ್ರಲ್ಲ, ಅದು?"

"ಬುಕಿಂಗ್ ಜೋಡಿ ನೀವು ಬರಿಯೋ ಷರಾ ಓದಾಕ. 'ಅಯ್ಯಮ್ಮನ ದನಕ್ಕ ಹುಲ್ಲು ಬೇಕು, ಬುಡದಿಂದ ಕೊಯ್ಯಿ.' 'ನರಸಣ್ಣಗ ಕಿವಿ ಮಂದ, ಸೊಸಿಗೆ ಫೋನ್ ಮಾಡು.' ಇಷ್ಟು ಮಂದಿ ಚಿಂತಿ ಮಾಡೋರನ್ನ ನಾ ನೋಡಿದ್ದಿಲ್ಲ..."

ಬಾಗಿಲಲ್ಲಿ ಕರಿಬಸಪ್ಪ ನಿಂತಿದ್ದರು. ಸುರೇಖಾ ಎದ್ದಳು. ಹುಲಿಗೇಶ ಬಾಯಿ ತೆರೆಯುವ ಮೊದಲೇ ತಾನೇ ಹೇಳಿದಳು.

"ಶುಕ್ರಪ್ಪ ಅನ್ನೋ ಗಿರಾಕಿ ಇಲ್ಲರೀ. ನಮಾಜಿನ ಹೊತ್ತಿಗೆ ನಾನಾ ಹಾಕೀನಿ. ತಪ್ಪು ನಂದು."

"ನಮಾಜಿಗೆ ನಾ ಯಾವತ್ತ ಬ್ಯಾಡ ಅಂದೀನವ್ವ?"

"ಫೋನ್ ಕೆಂಪಾದ ಕೂಡ್ಲೇ ಶಾವಲಿಗೆ ಬೈದ್ರಲ್ಲರೀ."

ಮಾಲೀಕರು ಕೆಮ್ಮಿದರು. ಹುಲಿಗೇಶನತ್ತ ತಿರುಗಿದರು. "ಮತ್ತ, ಮನುಷ್ಯರು ಬೇಕಾ ಬ್ಯಾಡಾ?"

"ಬೇಕ್ರಿ. ಅಯ್ಯಮ್ಮನ ದನದ ಹಸಿವು ಸಾಫ್ಟ್‌ವೇರಿಗೆ ಗೊತ್ತಾಗಂಗಿಲ್ಲ. ಸಣ್ಣ ಪ್ಲಾನಿಗೂ ಬಿಡುವಿನ ಕಾಲಂ ಕೊಡ್ರಿ ಅಂತ ಕಂಪನಿಗೆ ನಾ ಬರೀತೀನಿ."

"ಹಂಗಾದ್ರ ಕೂಡವ್ವ ನಿನ್ನ ಕುರ್ಚ್ಯಾಗ. ಶುಕ್ರವಾರ ಫೋನ್ ಕೆಂಪಾದ್ರ ಆಗ್ಲಿ, ಇನ್ನ ಮ್ಯಾಲ ಸುಳ್ಳು ಗಿರಾಕಿ ಬ್ಯಾಡ."

ಸುರೇಖಾ ಕೂರಲಿಲ್ಲ. ಚೀಲ ಹೊತ್ತು ಹೊರಟವನ ಹಿಂದೆ ಮೆಟ್ಟಿಲತನಕ ಬಂದಳು. ಹುಲಿಗೇಶ ತಿರುಗಿ ನಿಂತ.

"ನನ್ನ ಕೆಲಸ ಮುಗೀತು. ನಾಳಿಂದ ಇಲ್ಲಿಗೆ ಬರಾಕ ಕಾರಣ ಇಲ್ಲ. ಆದ್ರ... ನಿಮ್ಮನ್ನ ನೋಡದ ಇರಾಕ ಆಗಂಗಿಲ್ಲ ಸುರೇಖಾ."

ಅವಳು ಸೆರಗಿನ ಅಂಚು ತಿರುವುತ್ತ ನಿಂತಳು. ತಿಂಗಳಿಡೀ ಸಂಶಯ ಕೂತಿದ್ದ ಜಾಗದಲ್ಲಿ ಈಗ ಬೇರೇನೋ ಹಗುರವಾಗಿ ಮಿಡಿಯುತ್ತಿತ್ತು.

"ಆದಿತ್ಯವಾರ ಅವ್ವ ಮನ್ಯಾಗ ಇರ್ತಾಳ. ಮಸ್ಕಿ ನಿಮ್ಮ ದಾರ್‍ಯಾಗ ಬರತೈತಲ್ಲ. ಒಬ್ಬರಾ ಬರಬ್ಯಾಡ್ರಿ, ಹಿರಿಯರನ್ನ ಕರ್ಕೊಂಡು ಬರ್ರಿ."

ಅವನು ಹೆಗಲಿನ ಚೀಲ ಸರಿಪಡಿಸಿಕೊಂಡ.

"ನಮ್ಮವ್ವ ಬಾಳ ಪ್ರಶ್ನೆ ಕೇಳ್ತಾಳ್ರಿ," ಎಂದ.

"ಕೇಳ್ಲಿ. ನಾ ಎಲ್ಲದಕ್ಕೂ ಖರೇನ ಹೇಳ್ತೀನಿ."