ಬೆಚ್ಚಗಿನ ನೀರು

"ನನ್ನ ಮಗೂನ ನಾನೇ ಸುಡ್ತೀನಾ, ದೊನ್ ಅನ್ಸೆಲ್ಮೊ?" ಎನ್ನುತ್ತಾ ಪಕ್ಕದ ಮನೆಯ ಸಿತ್ಲಾಲಿ ನಮ್ಮ ಹೊಸ್ತಿಲಲ್ಲೇ ಕುಸಿದಳು.

ನಿವೃತ್ತ ಪೊಲೀಸ್ ಅನ್ಸೆಲ್ಮೊ ನಮ್ಮ ಮಹಡಿ ಕೋಣೆಯ ಬಾಡಿಗೆದಾರರು. ಮೆಕ್ಸಿಕೋದ ವಹಾಕಾ ಊರಿನ ನಮ್ಮ ಓಣಿಯಲ್ಲಿ ಏನೇ ಆದರೂ ಜನ ಅವರನ್ನೇ ಹುಡುಕಿ ಬರುತ್ತಿದ್ದರು. ಒಲೆ ಆರಿಸಿ ಅವರ ಹಿಂದೆ ಹೋಗುವುದು ನನಗೆ ರೂಢಿಯಾಗಿತ್ತು.

ಸಿತ್ಲಾಲಿಯ ಎಳೆಗೂಸು ನಿಕೊನ ಪಾದಗಳು ಸ್ನಾನದ ನೀರಿನಲ್ಲಿ ಬೆಂದಿದ್ದವು. ನೀರು ಹದ ಮಾಡಿದ್ದು ಅವಳ ಅತ್ತೆ ಪೆತ್ರಾ, ಮಗುವಿನ ಕಂಕುಳಿಗೆ ಕೈಕೊಟ್ಟು ನೀರಿಗಿಳಿಸಿದ್ದು ಸಿತ್ಲಾಲಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗುವನ್ನು ಬಿಟ್ಟು ತವರಿಗೆ ಹೊರಡು ಎಂದು ಗಂಡ ಫೆರ್ಮಿನ್ ಹೇಳಿಯಾಗಿತ್ತು.

ನಾವು ಹೋದಾಗ ಪೆತ್ರಾ ಹೆಂಚಿನ ಮುಂದಿದ್ದರು. "ಕೈ ಅದ್ದಿ ನೋಡಿದ್ದೆ, ಬೆಚ್ಚಗಿತ್ತು. ಐದು ಮಕ್ಕಳನ್ನ ಮೀಯಿಸಿದ ಕೈ ಇದು! ಆಮೇಲೆ ಈ ಮಹಾರಾಣಿ ಕುದಿಯೋ ನೀರು ಸುರಿದಿದ್ದಾಳೆ." ಕಾದ ಹೆಂಚಿನ ಮೇಲೆ ಉಬ್ಬಿದ ತೊರ್ತಿಯಾ ರೊಟ್ಟಿಯನ್ನು ಅಂಗೈಯಲ್ಲಿ ಒತ್ತಿದವರು ಮಾತು ಮುಗಿಯುವವರೆಗೂ ಕೈ ತೆಗೆಯಲಿಲ್ಲ.

"ಒಲೆ ಮೇಲೆ ಎಷ್ಟು ಪಾತ್ರೆ ಇತ್ತು?" ಅನ್ಸೆಲ್ಮೊ ಕೇಳಿದರು.

"ಒಂದೇ. ಪೂರ್ತಿ ನಾನೇ ಸುರಿದೆ."

"ಗಂಟು ನೋವು ಹೇಗಿದೆ?"

"ಹೋಯ್ತಪ್ಪಾ! ಹಂದಿಕೊಬ್ಬಲ್ಲಿ ಮೆಣಸಿನಕಾಯಿ ಕಾಯಿಸಿ ದಿನಾ ಕೈಗೆ ಹಚ್ತೀನಿ. ಮೊದಮೊದಲು ಬೆಂಕಿ ಬಿದ್ದ ಹಾಗೆ ಉರೀತಿತ್ತು. ಈಗ ಅದೂ ನನ್ನ ಮುಂದೆ ಸೋತಿದೆ."

ಅನ್ಸೆಲ್ಮೊ ನಗಲಿಲ್ಲ.

ಭಾನುವಾರ ಎಲ್ಲರನ್ನೂ ಅದೇ ಅಡುಗೆಮನೆಯಲ್ಲಿ ಕೂರಿಸಿ, ಎರಡು ಬಟ್ಟಲು ನೀರಿಟ್ಟರು. ಎರಡನೆಯದಕ್ಕೆ ಬೆರಳು ತಾಗಿಸಿದ ಫೆರ್ಮಿನ್ "ಅಯ್ಯಮ್ಮಾ!" ಎಂದು ಕೈ ಕೊಡವಿದ. ಪೆತ್ರಾ ಎರಡಕ್ಕೂ ಕೈ ಅದ್ದಿದರು. "ಎರಡೂ ಬೆಚ್ಚಗಿದೆ, ಅಷ್ಟೆ."

ಅನ್ಸೆಲ್ಮೊ ಅವರ ಕೈಯನ್ನು ತಟ್ಟನೆ ಹೊರಗೆಳೆದರು. "ಚರ್ಮದೊಳಗೆ 'ಸುಡ್ತು' ಅಂತ ಕೂಗೋ ನರ ಇದೆ. ಬೆಂಕಿ ತಾಗಿದರೂ ಅದೇ ಕೂಗೋದು, ಮೆಣಸಿನ ಖಾರ ತಾಗಿದರೂ ಅದೇ. ದಿನಾ ಖಾರ ಹಚ್ಚಿದರೆ ಕೂಗಿ ಕೂಗಿ ಸುಮ್ಮನಾಗುತ್ತೆ. ನೋವಿನ ಸುದ್ದಿ ನಿಂತಿತು, ಸುಡೋ ಸುದ್ದಿಯೂ ನಿಂತಿತು. ಹೆಂಚಿನ ಮೇಲೆ ಕೈ ಮರೆತಾಗಲೇ ನನಗೆ ಅನುಮಾನ ಬಂತು. ಇದ್ದ ಒಂದೇ ಪಾತ್ರೆ ನೀವೇ ಖಾಲಿ ಮಾಡಿದ್ದಿರಿ, ದೋನ್ಯಾ ಪೆತ್ರಾ. ಇವಳು ಸುರಿಯೋಕೆ ನೀರೆಲ್ಲಿತ್ತು? ನೀವು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನಿಮ್ಮ ಕೈ."

ಫೆರ್ಮಿನ್ ಹೆಂಡತಿಯ ಕಡೆ ತಿರುಗಿದ. "ಇಲ್ಲೇ ಇರು, ಸಿತ್ಲಾಲಿ."

"ಇರ್ತೀನಿ, ಮಗುಗೋಸ್ಕರ. ನಿನ್ನ ಮಾತಿಗಲ್ಲ."

ಪೆತ್ರಾ ತಮ್ಮ ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ ಅಭ್ಯಾಸಬಲದಿಂದ ಸಿತ್ಲಾಲಿಯ ಹೆಗಲ ಮೇಲಿದ್ದ ಮೊಮ್ಮಗನ ಹಣೆ ಮುಟ್ಟಿದರು. ಮುಟ್ಟಿ, ಸೊಸೆಯ ಮುಖ ನೋಡಿದರು.

"ಜ್ವರ ಇದೆಯೇನೇ, ಮಗಳೇ?"

"ಇದೆ," ಎಂದಳು ಸಿತ್ಲಾಲಿ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.