ಕುರ್ಚಿ ಮೇಲಿನ ಕೆಂಪು ದಸ್ತಿ

ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೇ ಅಫಜಲಪುರದ ಆ ಕಾಲೇಜಿನ ಹುಡುಗರು ಲೆಕ್ಚರರ್ ಕುರ್ಚಿ ಮೇಲೆ ಕೆಂಪು ದಸ್ತಿ ಹಾಸಿಬಿಟ್ಟಿದ್ದರು.

"ಅದು ಮುಕ್ರಮ ಸರ್ ಸೀಟ್ರಿ ಮೇಡಂ. ನೀವು ಟೆಂಪರವರಿ," ಎಂದಿದ್ದ ಅಣ್ಣಾರಾಯ, ಮೊದಲ ದಿನವೇ. ಕ್ಲಾಸೆಲ್ಲ ಖೀ ಖೀ ಎಂದು ನಕ್ಕಿತ್ತು.

ಮುಕ್ರಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಅವನ ಬದಲಿಗೆ ಬಂದವಳು ನಿಶಾತ. ಎರಡು ತಿಂಗಳು ನಿಂತೇ ಪಾಠ ಮಾಡಿದಳು. ಪ್ರಿನ್ಸಿಪಾಲರಿಗೆ ಹೇಳಿದರೆ, ಕ್ಲಾಸು ಸಂಭಾಳಿಸಲು ಬರುವುದಿಲ್ಲ ಎಂಬ ಹೆಸರು. ಗೊಬ್ಬೂರಿನ ಮನೆಯಲ್ಲಿ ಹೇಳಿದರೆ, "ಸಾಕು ಬಿಡು ನೌಕರಿ, ಮದುವಿ ಮಾಡ್ಕೋ," ಎನ್ನಲು ಅಣ್ಣ ನಯೀಮ ಕಾದೇ ಕೂತಿದ್ದ. ಎತ್ತ ಹೋಗಬೇಕು ಪಾಪ!

ಇನ್ನು ಮುಕ್ರಮನಿಗೆ ಹೇಳಲು ಬಾಯೇ ಬರುತ್ತಿರಲಿಲ್ಲ. ದಿನಾ ಸಂಜೆ ಮಣ್ಣೂರಿನ ಮನೆಯಿಂದ ಅವನ ಫೋನು. ಯಾವ ಪಾಠ ಆಯಿತು ಎಂದು ಶುರುವಾದ ಮಾತು, ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವವರೆಗೆ ಹೋಗುತ್ತಿತ್ತು. ಕಾಲು ವಾಸಿಯಾದರೆ ನೌಕರಿಯೂ ಮುಗಿಯಿತು, ಫೋನೂ ಮುಗಿಯಿತು. ಇನ್ನೊಂದು ತಿಂಗಳು ವಾಸಿಯಾಗದಿರಲಿ ಎಂದು ಒಮ್ಮೆ ಅನ್ನಿಸಿ, ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡಿದ್ದಳು.

ಶನಿವಾರ ಕ್ಲಾಸಿನ ಬಾಗಿಲಲ್ಲಿ ಕೋಲೂರಿಕೊಂಡು ಅವನೇ ನಿಂತ. ಹುಡುಗರು ಹೋ ಎಂದು ಎದ್ದರು. ಅಣ್ಣಾರಾಯ ಓಡಿಬಂದು ದಸ್ತಿ ಎತ್ತಿ ಕುರ್ಚಿ ಒರೆಸಿದ.

"ಬರ್ರಿ ಸರ್! ನಿಮ್ಮ ಸೀಟಿನ್ಯಾಗ ಇವರಿಗೆ ಒಂದಿನಾನೂ ಕೂಡಾಕ ಬಿಟ್ಟಿಲ್ರಿ!"

ಮುಕ್ರಮನ ಮುಖ ಸಪ್ಪಗಾಯಿತು. ಹೊಸ್ತಿಲು ದಾಟದೆ ನಿಂತು ಕೇಳಿದ. "ಮೇಡಂ, ಒಳಗ ಬರ್ಲೇನ್ರಿ?"

ನಿಶಾತಳಿಗೆ ಎರಡು ತಿಂಗಳ ಸಿಟ್ಟು ಒಮ್ಮೆಲೇ ಬಂತು. "ಹತ್ತು ನಿಮಿಷ ಲೇಟಾಗಿ ಬಂದೀರಿ. ಹಿಂದಿನ ಬೆಂಚಿಗೆ ಹೋಗ್ರಿ."

ಮುಕ್ರಮ ಕುಂಟುತ್ತ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಅವಳು ಕುರ್ಚಿ ಎಳೆದುಕೊಂಡು ಕೂತು ಪಾಠ ಮುಂದುವರಿಸಿದಳು. ಬೆಲ್ಲು ಹೊಡೆಯುವವರೆಗೆ ಒಬ್ಬನೂ ಕೆಮ್ಮಲಿಲ್ಲ. ಹೋಗುವಾಗ ಅಣ್ಣಾರಾಯ ದಸ್ತಿಯನ್ನು ಟೇಬಲ್ ಮೇಲಿಟ್ಟು, "ತಪ್ಪಾತ್ರಿ ಮೇಡಂ," ಎಂದ.

ಕ್ಲಾಸಿನಲ್ಲಿ ಇಬ್ಬರೇ ಉಳಿದರು.

"ನನಗ್ಯಾಕ ಹೇಳ್ಲಿಲ್ರಿ?" ಎಂದ ಮುಕ್ರಮ.

"ಹೇಳಿದ್ರ ನೀವು ಹುಡುಗ್ರಿಗೆ ಬೈತಿದ್ರಿ. ಅವ್ರು ನಿಮಗಂಜಿ ಸುಮ್ಮನಾಗ್ತಿದ್ರು, ನನಗಲ್ಲ."

ಅವನು ಹೌದೆಂದು ತಲೆಯಾಡಿಸಿದ. "ಸೋಮವಾರ ಜಾಯಿನ್ ಆಗಾಕತ್ತೇನಿ."

"ಗೊತ್ತೈತ್ರಿ." ಅವಳು ಟೇಬಲ್ ಮೇಲಿನ ಪುಸ್ತಕ ಜೋಡಿಸತೊಡಗಿದಳು.

"ಸಂಜಿಗೆ ನಿಮ್ಮ ಮಾತು ಕೇಳದ ಇರೂದು ನನಗ ಆಗೂದಿಲ್ಲ, ನಿಶಾತ. ಅಮ್ಮೀನ ಕರ್ಕೊಂಡು ನಿಮ್ಮನಿಗೆ ಬರ್ಲೇನ್ರಿ?"

ಅವಳು ದಸ್ತಿ ಮಡಚಿದಳು, ಬ್ಯಾಗಿಗೆ ಹಾಕಿಕೊಂಡಳು, ಆಮೇಲೆ ಓರೆಗಣ್ಣಲ್ಲಿ ಅವನನ್ನು ನೋಡಿದಳು.

"ಲಗೂನ ಬರ್ರಿ. ಸೀಟು ಹಿಡದಿಟ್ಟಿರ್ತೇನಿ. ಆದ್ರ ನಮ್ಮಣ್ಣ ಬಾಳ ದಿನ ಖಾಲಿ ಬಿಡಂಗಿಲ್ಲ."