ನೂರು ಗ್ರಾಮಿಗೆ ಎಷ್ಟು?

"ನಿಮ್ಮ ಲೆಕ್ಕ ತಪ್ಪು."

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ಅವಳ ಪೆನ್ನು ಗಕ್ಕನೆ ನಿಂತಿತು. ಬೇಳೆಯ ಸಾಲಿನ ಮುಂದೆ, ಬುಟ್ಟಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಅಂಗೈಯಗಲದ ಪುಸ್ತಕದಲ್ಲಿ ಅವಳು ದರ ಬರೆದುಕೊಳ್ಳುತ್ತಿದ್ದಳು. ಈ ಕೆಲಸದಲ್ಲಿ ಇದುವರೆಗೆ ಯಾರೂ ಅವಳ ತಪ್ಪು ಹಿಡಿದಿರಲಿಲ್ಲ.

ತಿರುಗಿ ನೋಡಿದಳು. ತೆಳ್ಳಗಿನ, ಉದ್ದನೆಯ ಯುವಕ. ಕಿವಿಯ ಮೇಲೊಂದು ಪೆನ್ಸಿಲ್. ಕೈಯಲ್ಲಿ ಅವಳದರಂಥದೇ ಇನ್ನೊಂದು ಪುಸ್ತಕ!

"ಬೇರೆಯವರ ಪುಸ್ತಕ ಇಣುಕಿ ನೋಡ್ತೀರಲ್ಲ, ಸರಿನಾ ಅದು?"

"ಸರಿಯಲ್ಲ. ಆದ್ರೆ ತಪ್ಪು ಲೆಕ್ಕ ನೋಡಿ ಸುಮ್ಮನಿರೋಕೆ ನನ್ನ ಕೈಲಾಗಲ್ಲ."

"ಅರ್ಧ ಕಿಲೋ ಪೊಟ್ಟಣ. ದರನ ಐದರಿಂದ ಭಾಗಿಸಿದ್ರೆ ನೂರು ಗ್ರಾಮಿಗೆ ಎಷ್ಟು ಅಂತ ಸಿಗುತ್ತೆ. ಇದರಲ್ಲಿ ತಪ್ಪೇನು?"

"ಪೊಟ್ಟಣ ಸ್ವಲ್ಪ ತಿರುಗಿಸಿ."

ತಿರುಗಿಸಿದಳು. ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ... ನಾನೂರ ಐವತ್ತು ಗ್ರಾಂ.

ಬಣ್ಣ ಅದೇ, ಚಿತ್ರ ಅದೇ, ದರವೂ ಅದೇ. ಐವತ್ತು ಗ್ರಾಂ ಮಾತ್ರ ಮಾಯ!

"ಹೋದ ವಾರದಿಂದ ಹೀಗೆ," ಎಂದ ಅವನು ಮೆಲ್ಲಗೆ, ಯಾರದೋ ಸಾವಿನ ಸುದ್ದಿ ಹೇಳುವವನ ಹಾಗೆ.

ಅವಳ ಕಿವಿ ಬಿಸಿಯಾಯಿತು. 'ಎಷ್ಟು ಜಂಬ ಇವನಿಗೆ! ಆದರೆ... ಹೇಳಿದ್ದು ನಿಜ.' ಬರೆದ ಅಂಕಿಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸರಿಯಾದುದನ್ನು ಬರೆದಳು. ಧನ್ಯವಾದ ಹೇಳಲಿಲ್ಲ.

ಅವಳು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರ ಸಹಾಯಕಿ. ದಿನವಿಡೀ ಗಾಜಿನ ನಳಿಗೆಗಳಲ್ಲಿ ಹನಿ ಎಣಿಸುವವಳಿಗೆ ಮನೆಯ ಅಡುಗೆಮನೆಯೂ ಇನ್ನೊಂದು ಪ್ರಯೋಗಾಲಯವೇ ಆದದ್ದು ಹದಿನಾಲ್ಕು ತಿಂಗಳ ಹಿಂದೆ. ಸರಕಿನ ಗಾಡಿ ಓಡಿಸುತ್ತಿದ್ದ ಅಪ್ಪನ ಬೆನ್ನು ಕೈಕೊಟ್ಟಿತು. ತಂಗಿಯ ಓದು ಇನ್ನೂ ಎರಡು ವರ್ಷ ಬಾಕಿ. ಒಂದು ಸಂಬಳ, ಮೂರು ಹೊಟ್ಟೆ.

ಅಂದಿನಿಂದ ಅವಳು ಅಕ್ಕಿ, ಬೇಳೆ, ಎಣ್ಣೆ, ಸಾಬೂನು ಎಲ್ಲದರ ದರವನ್ನೂ ನೂರು ಗ್ರಾಮಿಗೆ ಇಳಿಸಿ ಬರೆದಿಟ್ಟಳು. ಮೂರು ಅಂಗಡಿ. ಮನೆಯ ಹತ್ತಿರದ ದೊಡ್ಡ ನೀಲಿ ಅಂಗಡಿ. ರೈಲು ಹಳಿಯಾಚೆ ಗಾಜಿನ ಗೋಡೆಯ ಅಂಗಡಿ. ಮತ್ತೆ, ತಿರುವಿನಲ್ಲಿ ಮೂಟೆಗಳ ನಡುವೆ ಮುಕ್ಕಾಲು ಮುಳುಗಿ ಕೂರುವ ದೊಡ್ಡಮ್ಮನ ಪುಟ್ಟ ಅಂಗಡಿ.

ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ, ಬೀದಿಗೆಲ್ಲ ದೊಡ್ಡಮ್ಮ. ಅವರ ಅಂಗಡಿಯಲ್ಲಿ ದರದ ಚೀಟಿ ಇಲ್ಲ. ಕೇಳಿದವರ ಮುಖ ನೋಡಿ ಹೇಳುತ್ತಾರೆ. ಅವಳ ಮುಖ ಅವರಿಗೆ ಹಿಡಿಸಿತ್ತು.

ಮನೆಯಲ್ಲಿ ಅವಳಿಗೆ 'ತಕ್ಕಡಿ' ಎಂದೇ ಹೆಸರು.

"ಅಕ್ಕಾ, ಹೋಗಿ ಹೋಗಿ ನಿನಗೇ ಒಬ್ಬ ಲೆಕ್ಕ ಹೇಳಿಕೊಟ್ನಾ?" ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೇಗಿದ್ದ?"

"ಪೆನ್ಸಿಲ್ ಥರ ಇದ್ದ."

ಹೀಗೆ ಅವನಿಗೂ ಒಂದು ಹೆಸರಾಯಿತು.

ಮುಂದಿನ ಶನಿವಾರ ಗಾಜಿನ ಅಂಗಡಿಯ ಅದೇ ಸಾಲಿನಲ್ಲಿ ಮತ್ತೆ ಸಿಕ್ಕ. ಅದರ ಮುಂದಿನ ಶನಿವಾರವೂ. ಮೂರನೆಯ ಸಲ ಅವಳೇ ಮಾತಾಡಿಸಿದಳು.

"ಈ ಎಣ್ಣೆ ನೋಡಿ. ಲೀಟರ್ ಅಂತ ಹಾಕಿಲ್ಲ, ಗ್ರಾಂ ಅಂತ ಹಾಕಿದ್ದಾರೆ. ಎಣ್ಣೆ ನೀರಿಗಿಂತ ಹಗುರ. ಒಂಬೈನೂರ ಹತ್ತು ಗ್ರಾಂ ಅಂದ್ರೆ ಹೆಚ್ಚು ಕಮ್ಮಿ ಒಂದು ಲೀಟರ್."

ಅವನು ಪೆನ್ಸಿಲ್ ತೆಗೆದು ಬರೆದುಕೊಂಡ. "ಇದು ನನಗೆ ಹೊಳೆದೇ ಇರಲಿಲ್ಲ ನೋಡಿ!"

ಅವನ ಕಣ್ಣಲ್ಲಿ ಕಂಡದ್ದು ನಿಜವಾದ ಸಂತೋಷ. ಜಂಬವಲ್ಲ... ಅವಳಿಗೆ ಯಾಕೋ ಆ ದಿನವಿಡೀ ನಗು ಬರುತ್ತಿತ್ತು.

"ನಾನು ಈ ಕಡೆಗೆ ದಿನ ಬಿಟ್ಟು ದಿನ ಬರ್ತೀನಿ. ಇಲ್ಲಿನ ದರ ನಾನು ಬರೆದುಕೊಡ್ತೀನಿ. ನೀವು ಸುಮ್ಮನೆ ಯಾಕೆ ಹಳಿ ದಾಟಿ ನಡೀತೀರಾ?" ಎಂದ ಒಂದು ದಿನ.

"ಪುಕ್ಕಟೆ ಬೇಡ. ನನ್ನ ಕಡೆಯ ಎರಡು ಅಂಗಡಿ ನಾನು ಬರೆದುಕೊಡ್ತೀನಿ. ನೀಲಿ ಅಂಗಡಿ, ದೊಡ್ಡಮ್ಮನ ಅಂಗಡಿ."

ಒಂದು ಕ್ಷಣ ಅವನು ಏನೋ ಹೇಳಲು ಹೊರಟ. ಹೇಳಲಿಲ್ಲ. "ಆಯ್ತು," ಎಂದಷ್ಟೇ ಅಂದ.

ಹೀಗೆ ನಾಲ್ಕು ತಿಂಗಳು. ಶನಿವಾರ ಬೆಳಗ್ಗೆ ಹತ್ತಕ್ಕೆ ಹಳಿಯ ಮೇಲಿನ ಸೇತುವೆಯಲ್ಲಿ ಇಬ್ಬರೂ ಹಾಳೆ ಬದಲಾಯಿಸಿಕೊಳ್ಳುತ್ತಿದ್ದರು. ಹಾಳೆ ಬದಲಾಯಿಸಲು ಅರ್ಧ ನಿಮಿಷ ಸಾಕು. ಆದರೆ ಕೆಳಗೆ ಎರಡು ರೈಲು ಹೋಗುವ ತನಕ, ಕೆಲವೊಮ್ಮೆ ಮೂರು, ಅವರು ಅಲ್ಲೇ ಇರುತ್ತಿದ್ದರು. ಅವನ ಅಕ್ಷರ ಗುಂಡಗಿತ್ತು. ದಿನಾಂಕ ಹಾಕದೆ ಒಂದು ಅಂಕಿಯನ್ನೂ ಬರೆಯುತ್ತಿರಲಿಲ್ಲ. ಅವಳಿಗೆ ಅದು ಇಷ್ಟ. ಅವನ ಹಾಳೆಗಳನ್ನು ಅವಳು ತನ್ನ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಿದ್ದಳು... ಮಡಿಸದೆ, ಮೂಲೆ ಮುದುಡದಂತೆ.

"ಸಕ್ಕರೆ ತರೋಕೆ ಎರಡು ಗಂಟೆ ಬೇಕೇನಮ್ಮ?" ಅಪ್ಪ ಒರಗಿಕೊಂಡಲ್ಲಿಂದಲೇ ಕೇಳಿದರು. "ಕಬ್ಬು ನೀನೇ ಕಡಿದುಕೊಂಡು ಬಂದ್ಯಾ?"

"ಕ್ಯೂ ಇತ್ತಪ್ಪಾ."

"ಎಷ್ಟು ಜನರ ಕ್ಯೂ? ಒಬ್ಬನದಾ?"

ತಂಗಿ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು.

ಆ ಮಂಗಳವಾರ ದೊಡ್ಡಮ್ಮನ ಅಂಗಡಿಗೆ ಹೋದಾಗ ಅವರು ಅಕ್ಕಿಮೂಟೆಯ ಬಾಯಿ ಕಟ್ಟುತ್ತಿದ್ದರು.

"ಯಾಕೆ ದೊಡ್ಡಮ್ಮಾ, ಇಷ್ಟು ಬೇಗ?"

"ಯಾರಿಗೆ ಅಂತ ಬಿಚ್ಚಿಡ್ಲಿ ಮಗಾ? ನೀಲಿ ಅಂಗಡಿಯವರು ನಿನ್ನೆಯಿಂದ ಅಕ್ಕಿ ನನಗಿಂತ ಕಮ್ಮಿಗೆ ಕೊಡ್ತಿದ್ದಾರಂತೆ. ಬೆಳಗ್ಗಿಂದ ನೀನೇ ಮೂರನೆಯವಳು."

ಮರುದಿನ ಪ್ರಯೋಗಾಲಯಕ್ಕೆ ಅರ್ಧ ದಿನ ರಜೆ. ಎಂದೂ ಬುಧವಾರ ಹೋಗದ ಅವಳು ಅಂದು ನೀಲಿ ಅಂಗಡಿಗೆ ಹೋದಳು. ಅಕ್ಕಿಯ ಸಾಲಿನ ಕೊನೆಯ ಬಾಗಿಲು ತೆರೆಯಿತು. 'ಸಿಬ್ಬಂದಿಗೆ ಮಾತ್ರ' ಎಂದು ಬರೆದಿದ್ದ ಬಾಗಿಲು.

ಹೊರಗೆ ಬಂದವನು ಪೆನ್ಸಿಲ್. ಕೊರಳಲ್ಲಿ ನೀಲಿ ಪಟ್ಟಿ, ಅದರಲ್ಲಿ ಅವನ ಭಾವಚಿತ್ರ.

"ಸರ್," ಎಂದ ಚೀಟಿ ಅಂಟಿಸುತ್ತಿದ್ದ ಕೆಲಸಗಾರ, "ಬೇರೆ ಅಂಗಡಿ ರೇಟೆಲ್ಲಾ ತಂದ್ರಾ? ಮಧ್ಯಾಹ್ನದೊಳಗೆ ನಮ್ಮದು ಇಳಿಸಬೇಕಂತೆ."

ಅವಳ ಕೈಯ ಬುಟ್ಟಿ ನೆಲಕ್ಕೆ ತಾಗಿತು. ಅವನು ನೋಡಿದ. ಮುಖದ ಬಣ್ಣ ಇಳಿದುಹೋಯಿತು.

"ಇದಾ ನಿಮ್ಮ ಕೆಲಸ?" ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

"ಹೌದು... ಬೇರೆ ಅಂಗಡಿಗಳ ದರ ನೋಡಿ ಬರೋದು. ಮೊದಲೇ ಹೇಳಬೇಕಿತ್ತು."

"ದೊಡ್ಡಮ್ಮ ದರ ಗೋಡೆ ಮೇಲೆ ಬರೆಯಲ್ಲ. ನನಗೆ ಹೇಳ್ತಾರೆ. ನಾನು ನಿಮಗೆ ಬರೆದುಕೊಟ್ಟೆ. ಅವರ ಅಂಗಡಿಯ ಬಾಗಿಲು ನನ್ನ ಕೈಯಿಂದಲೇ ಮುಚ್ಚಿಸಿದ್ರಲ್ಲಾ!"

"ಇಲ್ಲ. ಅವರ ದರ ನಾನು ಇಲ್ಲಿ ಯಾವತ್ತೂ ಕೊಟ್ಟಿಲ್ಲ."

"ನಾಲ್ಕು ತಿಂಗಳು ಮುಚ್ಚಿಟ್ಟವರನ್ನ ಈಗ ನಂಬಬೇಕಾ?"

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಬಂದಳು.

ಆ ಶನಿವಾರ ಅವಳು ಸೇತುವೆಗೆ ಹೋಗಲಿಲ್ಲ. ಮುಂದಿನ ಶನಿವಾರವೂ ಹೋಗಲಿಲ್ಲ. ಪುಸ್ತಕ ಡಬ್ಬಿಗಳ ಹಿಂದೆ ಬಿದ್ದಿತ್ತು. ಮನೆಗೆ ಬೇಕಾದ್ದನ್ನು ಸಿಕ್ಕಲ್ಲಿ ಕೊಂಡು ತಂದಳು. ತಂಗಿ ತಮಾಷೆ ಮಾಡುವುದನ್ನೂ ಬಿಟ್ಟಳು.

'ಹೋಗಲಿ... ನಾಲ್ಕು ತಿಂಗಳ ಪರಿಚಯ, ಅಷ್ಟೇ ತಾನೇ?' ಎಂದುಕೊಳ್ಳುತ್ತಿದ್ದಳು. ರೈಲು ಕೂಗಿದಾಗಲೆಲ್ಲ ಗಡಿಯಾರ ನೋಡುತ್ತಿದ್ದಳು.

ಮೂರನೆಯ ವಾರ ಪ್ರಯೋಗಾಲಯದಲ್ಲಿ ಒಂದು ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂದು ಬರೆದು ಮೇಲಧಿಕಾರಿಯ ಮುಂದಿಟ್ಟಳು. ಆ ಹಿರಿಯ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಎಷ್ಟು ಸಲ ನೋಡಿದೆ?"

"ಒಂದು ಸಲ, ಮೇಡಂ."

"ಯಾವಾಗಿಂದ ಒಂದೇ ಸಲಕ್ಕೆ ತೀರ್ಮಾನ ಮಾಡೋಕೆ ಶುರು ಮಾಡಿದೆ? ನೀನು ಹೀಗಿರಲಿಲ್ಲ."

ಅವಳು ನೀರಿನ ಶೀಸೆಯನ್ನು ಮತ್ತೆ ಕೈಗೆತ್ತಿಕೊಂಡಳು. ನೀರಿನ ವಿಷಯ ಅವಳ ತಲೆಯಲ್ಲಿ ಇರಲಿಲ್ಲ.

ಸಂಜೆ ಮನೆಗೆ ಬಂದವಳೇ ಪುಸ್ತಕ ಹೊರತೆಗೆದು ಅಡುಗೆಮನೆಯ ನೆಲದಲ್ಲಿ ಕೂತಳು. ನೀಲಿ ಅಂಗಡಿ ಯಾವ ದಿನ ಯಾವುದರ ದರ ಇಳಿಸಿತು? ಅದಕ್ಕೂ ಮೊದಲು ಯಾರು ಇಳಿಸಿದ್ದರು? ಒಂದೊಂದಾಗಿ ಬರೆದಳು.

ಗಾಜಿನ ಅಂಗಡಿ ಎಣ್ಣೆ ಇಳಿಸಿದರೆ ಎರಡು-ಮೂರು ದಿನಕ್ಕೆ ನೀಲಿ ಅಂಗಡಿಯೂ ಇಳಿಸಿತ್ತು. ಸಾಬೂನು, ಹಾಗೆಯೇ. ಚಹಾಪುಡಿ, ಹಾಗೆಯೇ.

ದೊಡ್ಡಮ್ಮ ನಾಲ್ಕು ತಿಂಗಳಲ್ಲಿ ಐದು ಸಲ ದರ ಇಳಿಸಿದ್ದರು. ಈರುಳ್ಳಿ, ಗೋಧಿಹಿಟ್ಟು, ಎರಡು ಸಲ ಬೇಳೆ, ಒಮ್ಮೆ ಅಕ್ಕಿ. ಐದಕ್ಕೆ ಐದು ಸಲವೂ ನೀಲಿ ಅಂಗಡಿ ಮಿಸುಕಾಡಿರಲಿಲ್ಲ!

ಹಾಗಾದರೆ ಈ ಸಲದ ಅಕ್ಕಿ? ಕೊನೆಯದಾಗಿ ಅಂಟಿಸಿದ ಹಾಳೆ ತಿರುಗಿಸಿದಳು. ಗುಂಡಗಿನ ಅಕ್ಷರ: ಶುಕ್ರವಾರ, ಗಾಜಿನ ಅಂಗಡಿ, ಅಕ್ಕಿ ಇಳಿದಿದೆ. ನೀಲಿ ಅಂಗಡಿ ಇಳಿಸಿದ್ದು ಅದಾದ ಮೂರನೆಯ ದಿನ, ಸೋಮವಾರ. ಗಾಜಿನವರಿಗಿಂತ ಕೂದಲೆಳೆಯಷ್ಟು ಕಡಿಮೆ. ದೊಡ್ಡಮ್ಮನ ದರ ಪಾಪ, ಈ ಇಬ್ಬರ ಪೈಪೋಟಿಯ ನಡುವೆ ಸಿಕ್ಕಿಕೊಂಡಿತ್ತು. ತಾನು ಅಕ್ಕಿಯನ್ನು ದೊಡ್ಡಮ್ಮನಲ್ಲೇ ಕೊಳ್ಳುವುದರಿಂದ ಅವಳು ಆ ಸಾಲನ್ನು ಓದಿಯೇ ಇರಲಿಲ್ಲ.

'ನಿಜ ಹೇಳಿದ್ದ... ಅವನು ನಿಜ ಹೇಳಿದ್ದ!'

ಅಕ್ಷರಗಳು ಕಣ್ಣ ಮುಂದೆ ಕಲಸಿಹೋದವು.

ಮರುದಿನ ಬೆಳಗ್ಗೆ ದೊಡ್ಡಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. "ನಿಮ್ಮ ದರ ನಿಮ್ಮನ್ನ ಕೇಳದೆ ಬೇರೆಯವರಿಗೆ ಬರೆದುಕೊಟ್ಟೆ ದೊಡ್ಡಮ್ಮಾ. ಅದು ನನ್ನ ತಪ್ಪು."

"ತಪ್ಪೇ," ಎಂದರು ಅವರು, ಮೂಟೆಯ ಬಾಯಿ ಬಿಚ್ಚುತ್ತಾ. "ಇನ್ನೊಂದ್ಸಲ ಮಾಡಿದ್ರೆ ಸೌಟಲ್ಲಿ ಹೊಡೀತೀನಿ. ಆ ಅಂಗಡಿಯವರ ಅಕ್ಕಿ ಮೊನ್ನೆಯೇ ಮತ್ತೆ ಏರಿತು, ಹೋದವರೆಲ್ಲಾ ವಾಪಸ್ ಬಂದ್ರು. ಇಂಥವು ಎಷ್ಟು ನೋಡಿಲ್ಲ ನಾನು! ಅದಿರ್ಲಿ, ಕಣ್ಣು ಯಾಕೆ ಊದಿದೆ?"

"ನಿದ್ದೆ ಇಲ್ಲ."

"ಯಾವನು?"

ಅವಳು ಅಲ್ಲಿಂದ ಓಡಿದಳು.

ಶನಿವಾರ. ಗಾಜಿನ ಅಂಗಡಿಯ ಸಾಬೂನಿನ ಸಾಲಿನಲ್ಲಿ ಅವನಿದ್ದ. ಸ್ವಲ್ಪ ಸೊರಗಿದ್ದ. ಅವಳನ್ನು ಕಂಡು ಪುಸ್ತಕ ಮುಚ್ಚಿದ.

"ಐದು ಸಲ," ಎಂದಳು ಅವಳು. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ದೊಡ್ಡಮ್ಮ ಐದು ಸಲ ಇಳಿಸಿದ್ರು. ನಿಮ್ಮವರು ಒಂದು ಸಲವೂ ಇಳಿಸಲಿಲ್ಲ. ದಿನಾಂಕ ಎಲ್ಲಾ ನೋಡಿದೆ. ನೀವು ಹೇಳಿದ್ದು ನಿಜ... ನಾನು ನೋಡದೆ ಮಾತಾಡಿದೆ. ಕ್ಷಮಿಸಿ."

"ನೀವು ಯಾಕೆ ಕ್ಷಮೆ ಕೇಳ್ತೀರಿ? ಮುಚ್ಚಿಟ್ಟವನು ನಾನು."

"ಅದಕ್ಕೆ ಇನ್ನೂ ಕೋಪ ಇದೆ. ಯಾಕೆ ಹೇಳಲಿಲ್ಲ?"

ಅವನು ಓರೆಯಾಗಿದ್ದ ಸಾಬೂನೊಂದನ್ನು ಸಾಲಿಗೆ ಸರಿಯಾಗಿ ಇಟ್ಟ.

"ನನ್ನ ಕೆಲಸ ಗೊತ್ತಾದ ಕೂಡಲೇ ಅಂಗಡಿಯವರೆಲ್ಲಾ ಮುಖ ತಿರುಗಿಸ್ತಾರೆ. ನೀವೊಬ್ಬರೇ ನನ್ನ ಜೊತೆ ನಿಂತು ಎಣ್ಣೆ ಎಷ್ಟು ಹಗುರ ಅಂತ ಹೇಳಿದ್ದು. ಹೇಳಿದ್ರೆ ನೀವು ಸೇತುವೆಗೆ ಬರೋದು ನಿಂತುಹೋಗುತ್ತೆ ಅಂತ ಭಯ. ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ ಅಂತ..."

"ನಾಲ್ಕು ತಿಂಗಳು! ನಿಮ್ಮ ಅಂಗಡಿಯ ದರವನ್ನ ನಿಮಗೇ ಬರೆದುಕೊಟ್ಟೆನಲ್ಲಾ ನಾನು! ಎಷ್ಟು ನಕ್ಕಿರಬೇಡ ನೀವು?"

"ನಗಲಿಲ್ಲ ರೀ. ನಮ್ಮವರು ತಪ್ಪಾಗಿ ಅಂಟಿಸಿದ್ದ ಎರಡು ಚೀಟಿ ನಿಮ್ಮ ಹಾಳೆಯಿಂದಲೇ ನನಗೆ ಗೊತ್ತಾಗಿದ್ದು."

ತಡೆಯಲಾಗದೆ ಅವಳು ನಕ್ಕುಬಿಟ್ಟಳು. ಎಷ್ಟು ವಾರಗಳಾಗಿದ್ದವೋ ಹೀಗೆ ನಕ್ಕು!

"ಇನ್ಮೇಲೆ ದರ ಬದಲಾಯಿಸಿಕೊಳ್ಳೋದು ಬೇಡ," ಎಂದಳು ಆಮೇಲೆ. "ನಿಮ್ಮ ಕೆಲಸ ನಿಮಗೆ, ನನ್ನ ಪುಸ್ತಕ ನನಗೆ."

ಅವನ ಮುಖ ಬಾಡಿತು. "ಹಾಗಾದ್ರೆ ಶನಿವಾರ... ನಾನು ಯಾವ ನೆಪಕ್ಕೆ ಬರಲಿ?"

"ನೆಪ ಯಾಕೆ ಬೇಕು?"

ಅವನು ಅವಳನ್ನೇ ನೋಡಿದ. ಹಿಂದೆ ಯಾರೋ ಗಾಡಿ ತಳ್ಳಿಕೊಂಡು ದಾರಿ ಕೇಳಿದರು. ಇಬ್ಬರಿಗೂ ಕೇಳಿಸಲಿಲ್ಲ.

"ನಿಮ್ಮನ್ನ ನೋಡೋಕೆ ಅಂತಲೇ ಬರಬಹುದಾ?"

"ಬರಬಹುದು. ನಾನೂ ಅದಕ್ಕೇ ಬರ್ತಿದ್ದೆ." ಹೇಳಿಬಿಟ್ಟಳು. ಹೇಳಿದ ಮೇಲೆ ಎದೆ ಹಗುರವಾಯಿತು. "ನಾಳೆ ಮನೆಗೆ ಬನ್ನಿ. ಅಪ್ಪ ನಿಮ್ಮನ್ನ ನೋಡಬೇಕಂತೆ."

"ನಾಳೆನಾ! ಏನು ತರಲಿ?"

"ಏನೂ ಬೇಡ."

"ಬರಿಗೈಯಲ್ಲಿ ಬರೋಕಾಗುತ್ತಾ?"

ಅವಳು ಯೋಚಿಸಿದಳು. "ಹಾಗಾದ್ರೆ ಏನಾದ್ರೂ ತನ್ನಿ. ಆದ್ರೆ ದರ ನೋಡದೆ ತರಬೇಕು."

"ದರ ನೋಡದೆನಾ?" ಅವನು ನಿಜಕ್ಕೂ ಗಾಬರಿಯಾದ. "ಅದು ನನಗೆ ಬರಲ್ಲ ರೀ..."

"ನನಗೂ ಬರಲ್ಲ," ಎಂದಳು ಅವಳು, ಅವನ ಕೈಯನ್ನು ಮೆಲ್ಲಗೆ ಹಿಡಿದು. "ಬನ್ನಿ, ಇವತ್ತೇ ಒಟ್ಟಿಗೆ ಕಲಿಯೋಣ."